ಕೈ ಬಿಗಿಯಿದ್ದಾಗಲೂ ಪೌಷ್ಟಿಕ ಊಟ: ದಿನಸಿ ಪಟ್ಟಿಯಿಂದ ತಟ್ಟೆಯವರೆಗೆ ಸಮಗ್ರ ಮಾರ್ಗದರ್ಶಿ

ದಿನಸಿ ಖರ್ಚು ಇಳಿಸಬೇಕೆಂದು ಲೆಕ್ಕಕ್ಕೆ ಕೂತಾಗ ಕತ್ತರಿ ಬೀಳುವುದು ಮೊದಲು ಹಣ್ಣಿಗೆ, ಆಮೇಲೆ ತರಕಾರಿಗೆ, ಆಮೇಲೆ ಹಾಲು ಮೊಟ್ಟೆಗೆ. ಅಕ್ಕಿ, ಹಿಟ್ಟು, ಎಣ್ಣೆ, ಸಕ್ಕರೆ, ಬಿಸ್ಕತ್ತಿನ ಪ್ಯಾಕೆಟ್ಟು ಇದ್ದ ಹಾಗೇ ಇರುತ್ತವೆ. ಹೊಟ್ಟೆ ತುಂಬುತ್ತಿರುವುದರಿಂದ ಕೊರತೆ ಕೂಡಲೇ ಗೊತ್ತಾಗುವುದಿಲ್ಲ. ತಿಂಗಳುಗಳು ಕಳೆದ ಮೇಲೆ ಸುಸ್ತು, ಮಲಬದ್ಧತೆ, ರಕ್ತಹೀನತೆಯಾಗಿ ಅದು ಹೊರಬೀಳುತ್ತದೆ. ಹಾಗಾಗಿ ಎಷ್ಟು ಕಡಿಮೆ ಮಾಡಬೇಕು ಎಂಬುದಕ್ಕಿಂತ ಎಲ್ಲಿ ಕಡಿಮೆ ಮಾಡಬೇಕು ಎಂಬುದು ಮುಖ್ಯ. ಅಂಗಡಿಯ ಚೀಟಿಯಲ್ಲಿರುವ ಬೆಲೆ ಒಂದು, ಸಿಪ್ಪೆ ಹೋಗಿ, ಕೆಟ್ಟದ್ದು ಹೋಗಿ, ದೇಹಕ್ಕೆ ದಕ್ಕಿದ್ದರ ಬೆಲೆ ಇನ್ನೊಂದು. ಈ ಮಾರ್ಗದರ್ಶಿ ಇರುವುದು ಎರಡನೆಯ ಬೆಲೆಯನ್ನು ಇಳಿಸುವುದಕ್ಕೆ.

ಮೊದಲು ಎರಡು ವಾರದ ಚೀಟಿ

ಯಾವುದನ್ನೂ ಬದಲಿಸುವ ಮುನ್ನ ಎರಡು ವಾರ ಖರೀದಿಯ ಚೀಟಿಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿಡಿ. ಚೀಟಿ ಕೊಡದ ಕಡೆ ಕೊಂಡದ್ದನ್ನು ಫೋನಿನಲ್ಲಿ ಬರೆದುಕೊಳ್ಳಿ. ಆಮೇಲೆ ಒಂದೊಂದು ಸಾಲಿನ ಪಕ್ಕದಲ್ಲೂ ಒಂದು ಅಕ್ಷರ ಹಾಕಿ: ಧಾನ್ಯಕ್ಕೆ ‘ಧ’, ಕಾಳು, ಹಾಲು, ಮೊಟ್ಟೆ, ಮೀನು, ಮಾಂಸಕ್ಕೆ ‘ಪ್ರ’, ತರಕಾರಿ ಹಣ್ಣಿಗೆ ‘ತ’, ಉಳಿದದ್ದಕ್ಕೆಲ್ಲ ‘ಇ’. ಕುರುಕಲು, ತಂಪು ಪಾನೀಯ, ಸಾಸ್, ಸಿದ್ಧ ತಿನಿಸು, ಬೆಳಗಿನ ತಿಂಡಿಯ ಬಣ್ಣದ ಪೊಟ್ಟಣಗಳೆಲ್ಲ ‘ಇ’ ಸಾಲಿಗೆ ಹೋಗುತ್ತವೆ. ಒಟ್ಟು ಕೂಡಿಸಿದಾಗ ‘ಇ’ ಸಾಲು ‘ತ’ ಸಾಲಿಗಿಂತ ದೊಡ್ಡದಾಗಿದ್ದರೆ ಉಳಿತಾಯದ ಮೊದಲ ಜಾಗ ಅದೇ. ತರಕಾರಿಯನ್ನು ಮುಟ್ಟಬೇಕಾಗಿಲ್ಲ.

ಜೊತೆಗೆ ಅದೇ ಎರಡು ವಾರ ಕಸದ ಬುಟ್ಟಿಗೆ ಹೋದ ಆಹಾರವನ್ನೂ ಬರೆದಿಡಿ. ಅರ್ಧ ಕಟ್ಟು ಸೊಪ್ಪು, ಹುಳಿ ಬಂದ ಅನ್ನ, ಮೆತ್ತಗಾದ ಟೊಮೆಟೊ, ಹೀಗೆ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಅಂದಾಜಿನ ಮೇಲೆ ನಡೆಯುತ್ತದೆ. ಒಂದೇ ಪದಾರ್ಥ ಎರಡು ಸಲ ಪಟ್ಟಿಯಲ್ಲಿ ಕಂಡರೆ ಅದನ್ನು ಅರ್ಧ ಪ್ರಮಾಣದಲ್ಲಿ ಕೊಳ್ಳಬೇಕು ಅಥವಾ ತಂದ ಮರುದಿನವೇ ಅಡುಗೆ ಮಾಡಬೇಕು ಎಂದರ್ಥ.

ದೇಹ ಕೇಳುವುದೆಷ್ಟು

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಒಂದು ಕಿಲೋಗೆ 0.8ರಿಂದ 1 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಕದವರಿಗೆ ಸುಮಾರು 50ರಿಂದ 60 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕು. ಆಲೂಗಡ್ಡೆ, ಗೆಣಸಿನಂಥ ಪಿಷ್ಟದ ಗೆಡ್ಡೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಉಪ್ಪು 5 ಗ್ರಾಂ ಒಳಗೆ ಇರಬೇಕು, ಅಂದರೆ ಒಂದು ಮಟ್ಟಸ ಟೀ ಚಮಚಕ್ಕಿಂತ ಕಡಿಮೆ. ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ಒಟ್ಟು ಶಕ್ತಿಯ ಶೇ. 10 ಮೀರಬಾರದು. 2000 ಕಿಲೋ ಕ್ಯಾಲರಿ ತಿನ್ನುವವರಿಗೆ ಅದು 50 ಗ್ರಾಂ ಸಕ್ಕರೆ, ಅದರ ಅರ್ಧಕ್ಕೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು, ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆ ಇರುವವರ ಲೆಕ್ಕ ಬೇರೆ, ಅದನ್ನು ವೈದ್ಯರನ್ನು ಕೇಳಿಯೇ ಹಾಕಬೇಕು. ಮಕ್ಕಳ ವಿಷಯದಲ್ಲಿ ಒಂದು ಮಾತು ಮಾತ್ರ ಇಲ್ಲೇ ಹೇಳಬಹುದು. ಅವರ ಹೊಟ್ಟೆ ಚಿಕ್ಕದು, ಬೇಕಾಗುವ ಶಕ್ತಿ ಹೆಚ್ಚು. ನೀರಾದ ಗಂಜಿ, ತೆಳ್ಳನೆಯ ಸಾರಿನಿಂದ ಅವರ ಹೊಟ್ಟೆ ತುಂಬಿಸುವುದು ಉಳಿತಾಯವಲ್ಲ. ಅದೇ ಗಂಜಿಗೆ ಒಂದು ಚಮಚ ಎಣ್ಣೆ, ಒಂದು ಹಿಡಿ ಬೆಂದ ಬೇಳೆ ಬಿದ್ದರೆ ಊಟ ಆಗುತ್ತದೆ.

ಬೆಲೆ ಹೋಲಿಸುವ ಸರಿಯಾದ ಬಗೆ

ಕಿಲೋ ಬೆಲೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಅರ್ಧ ಲೆಕ್ಕ. ಪ್ರೋಟೀನಿನ ಪದಾರ್ಥಗಳನ್ನು ಅವು ಕೊಡುವ ಪ್ರೋಟೀನಿನ ಮೇಲೆ ಹೋಲಿಸಬೇಕು. ಒಂದು ಕಿಲೋ ಒಣ ಮಸೂರ ಅಥವಾ ಹೆಸರುಬೇಳೆಯಲ್ಲಿ ಸುಮಾರು 240 ಗ್ರಾಂ ಪ್ರೋಟೀನ್ ಇರುತ್ತದೆ. ಅದನ್ನೇ ಅಳತೆಗೋಲು ಮಾಡಿಕೊಳ್ಳೋಣ. ಅಷ್ಟೇ ಪ್ರೋಟೀನ್ ಬೇಕಾದರೆ ಉಳಿದವುಗಳಲ್ಲಿ ಎಷ್ಟು ಕೊಳ್ಳಬೇಕು ನೋಡಿ:

ಸೋಯಾ ಚಂಕ್ಸ್: ಅರ್ಧ ಕಿಲೋಗಿಂತ ತುಸು ಕಡಿಮೆ
ಕಡಲೆಬೀಜ: ಸುಮಾರು 950 ಗ್ರಾಂ
ಮೂಳೆ ತೆಗೆದ ಕೋಳಿಮಾಂಸ: ಸುಮಾರು 1.1 ಕಿಲೋ
ಒಣ ಕಡಲೆಕಾಳು: ಸುಮಾರು 1.25 ಕಿಲೋ
ಪನೀರ್: ಸುಮಾರು 1.3 ಕಿಲೋ
ಮೊಟ್ಟೆ: 40
ಹಾಲು: 7 ಲೀಟರಿಗೂ ಹೆಚ್ಚು
ಸಾಮಾನ್ಯ ಸಿಹಿ ಬಿಸ್ಕತ್ತು: 3 ಕಿಲೋಗೂ ಹೆಚ್ಚು

ನೀವು ಕೊಳ್ಳುವ ಅಂಗಡಿಯ ಈ ವಾರದ ಬೆಲೆಗಳನ್ನು ಈ ಪ್ರಮಾಣಗಳಿಗೆ ಗುಣಿಸಿ ಎದುರು ಬರೆಯಿರಿ. ಸಾಮಾನ್ಯವಾಗಿ ಬೇಳೆ, ಕಾಳು, ಸೋಯಾ, ಕಡಲೆಬೀಜ ಮೇಲಿನ ಸಾಲುಗಳಲ್ಲಿ ನಿಲ್ಲುತ್ತವೆ. ಮೊಟ್ಟೆ ಅವುಗಳ ಹಿಂದೆಯೇ ಬರುತ್ತದೆ. ಬಿಸ್ಕತ್ತಿನ ಎದುರು ಬರುವ ಅಂಕಿ ನೋಡಿದ ಮೇಲೆ ‘ಅಗ್ಗದ ತಿಂಡಿ’ ಎಂಬ ಮಾತು ಬಾಯಿಗೆ ಬರುವುದು ಕಷ್ಟ. ಪೊಟ್ಟಣದ ಹಿಂಬದಿಯಲ್ಲಿ 100 ಗ್ರಾಂಗೆ ಎಷ್ಟು ಪ್ರೋಟೀನ್ ಎಂದು ಬರೆದಿದ್ದರೆ ಯಾವ ಹೊಸ ಪದಾರ್ಥಕ್ಕೂ ಈ ಲೆಕ್ಕ ಹಾಕಬಹುದು: 24,000ವನ್ನು ಆ ಅಂಕಿಯಿಂದ ಭಾಗಿಸಿ, ಬಂದದ್ದೇ ಕೊಳ್ಳಬೇಕಾದ ಗ್ರಾಂ. ಪೌಷ್ಟಿಕ ಪಾನೀಯದ ಪುಡಿಗಳಿಗೆ ಒಮ್ಮೆ ಹಾಕಿ ನೋಡಿ.

ಹಾಗೆಂದು ಅಳತೆಗೋಲು ಒಂದೇ ಅಲ್ಲ. ಹಾಲನ್ನು ಪ್ರೋಟೀನಿಗಾಗಿ ಕೊಂಡರೆ ದುಬಾರಿ, ಕ್ಯಾಲ್ಸಿಯಂಗಾಗಿ ಕೊಂಡರೆ ನ್ಯಾಯವಾದ ಬೆಲೆ. ಬಿ12 ವಿಟಮಿನ್ ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗುತ್ತದೆ, ಧಾನ್ಯ ಕಾಳುಗಳಲ್ಲಿ ಇಲ್ಲ. ಪ್ರಾಣಿಜನ್ಯ ಆಹಾರ ಪೂರ್ತಿ ಬಿಟ್ಟವರು ಬಿ12 ಸೇರಿಸಿದ ಆಹಾರ ಅಥವಾ ಮಾತ್ರೆಗೆ ಖರ್ಚಿನಲ್ಲಿ ಜಾಗ ಇಡಲೇಬೇಕು. ಸೊಪ್ಪು ತಿಂದರೆ ಅದು ಬರುವುದಿಲ್ಲ.

ತರಕಾರಿಯಲ್ಲಿ ಹೋಲಿಸಬೇಕಾದದ್ದು ತಿನ್ನಲು ಸಿಗುವ ತೂಕ. ಒಂದು ಕಿಲೋ ಹಸಿ ಬಟಾಣಿ ಕಾಯಿ ಸುಲಿದರೆ ಕೈಗೆ ಬರುವುದು 400ರಿಂದ 450 ಗ್ರಾಂ ಕಾಳು. ಅಂದರೆ ಬೋರ್ಡಿನ ಮೇಲಿರುವ ಬೆಲೆಗೆ ಎರಡೂಕಾಲು ಪಟ್ಟು ಕಟ್ಟಿ, ಆಮೇಲೆ ಫ್ರೀಜರಿನ ಬಟಾಣಿ ಪೊಟ್ಟಣದೊಂದಿಗೆ ಹೋಲಿಸಿ. ಬಾಳೆಹಣ್ಣಿನಲ್ಲಿ ಮೂರನೇ ಒಂದು ಭಾಗ ಸಿಪ್ಪೆ. ಎಲೆಕೋಸು, ಕ್ಯಾರೆಟ್‌ಗಳಲ್ಲಿ ಹೋಗುವುದು ಕಡಿಮೆ. ಫ್ರೀಜರಿನ ತರಕಾರಿಯಲ್ಲಿ ಸತ್ವವಿಲ್ಲ ಎಂಬ ಮಾತು ನಂಬಬೇಡಿ. ಕೊಯ್ದ ಸ್ವಲ್ಪ ಹೊತ್ತಿಗೇ ಬಿಸಿನೀರಿಗೆ ಹಾಕಿ ಹೆಪ್ಪುಗಟ್ಟಿಸಿರುವುದರಿಂದ, ನಾಲ್ಕು ದಿನ ಬುಟ್ಟಿಯಲ್ಲಿ ಬಾಡಿದ ‘ತಾಜಾ’ ತರಕಾರಿಗಿಂತ ಅದರಲ್ಲಿ ಹೆಚ್ಚು ಸಿ ವಿಟಮಿನ್ ಉಳಿದಿರುವುದೂ ಉಂಟು. ಬೇಕಾದಷ್ಟೇ ತೆಗೆದು ಉಳಿದದ್ದನ್ನು ಮತ್ತೆ ಒಳಗಿಡಬಹುದು, ಒಂಟಿಯಾಗಿ ಇರುವವರಿಗೆ ಇದೇ ದೊಡ್ಡ ಲಾಭ.

ದೊಡ್ಡ ಪೊಟ್ಟಣ ಅಗ್ಗ ಎಂಬುದು ಕೆಡದ ಪದಾರ್ಥಕ್ಕೆ ಮಾತ್ರ ನಿಜ. ಒಣ ಕಾಳು, ಬಿಳಿ ಅಕ್ಕಿ, ಉಪ್ಪು ದೊಡ್ಡದಾಗಿ ತನ್ನಿ. ತವುಡು ಉಳಿದ ಹಿಟ್ಟು, ಪಾಲಿಶ್ ಮಾಡದ ಅಕ್ಕಿ, ಕಡಲೆಬೀಜ, ಎಳ್ಳು ಇವುಗಳಲ್ಲಿ ಎಣ್ಣೆಯಂಶ ಇರುವುದರಿಂದ ಬೆಚ್ಚಗಿನ ಜಾಗದಲ್ಲಿ ಒಂದೆರಡು ತಿಂಗಳಿಗೇ ಮುಗ್ಗಲು ವಾಸನೆ ಹತ್ತುತ್ತದೆ. ಇವನ್ನು ತಿಂಗಳಿಗೆ ಬೇಕಾದಷ್ಟೇ ತನ್ನಿ. ರಿಯಾಯಿತಿಗೆ ಸಿಕ್ಕಿತೆಂದು ಮೂರು ತಿಂಗಳದ್ದು ತಂದರೆ ರಿಯಾಯಿತಿ ಕಸಕ್ಕೆ ಹೋಗುತ್ತದೆ.

ಒಬ್ಬರಿಗೆ ಒಂದು ವಾರದ ಪಟ್ಟಿ

ಕೂತು ಕೆಲಸ ಮಾಡುವ ವಯಸ್ಕರೊಬ್ಬರಿಗೆ ಹಾಕಿದ ಲೆಕ್ಕ ಇದು. ಮೈಮುರಿದು ದುಡಿಯುವವರಿಗೆ ಮೊದಲು ಧಾನ್ಯ, ಆಮೇಲೆ ಕಡಲೆಬೀಜ ಹೆಚ್ಚಿಸಿ.

ಧಾನ್ಯ (ಅಕ್ಕಿ, ಗೋಧಿ ಹಿಟ್ಟು, ಓಟ್ಸ್, ಜೋಳ ಯಾವುದಾದರೂ): 2.1 ಕಿಲೋ
ಬೇಳೆ ಮತ್ತು ಕಾಳು: 600 ಗ್ರಾಂ
ಹಾಲು ಅಥವಾ ಮೊಸರು: 2 ಲೀಟರ್
ಮೊಟ್ಟೆ: 5 ಅಥವಾ 6 (ತಿನ್ನದವರು ಇನ್ನೂ 150 ಗ್ರಾಂ ಕಾಳು ಸೇರಿಸಿ)
ಕಡಲೆಬೀಜ: 150 ಗ್ರಾಂ
ತರಕಾರಿ: 2.1 ಕಿಲೋ, ಅದರಲ್ಲಿ ಅರ್ಧ ಕಿಲೋ ಸೊಪ್ಪು
ಹಣ್ಣು: 700 ಗ್ರಾಂನಿಂದ 1 ಕಿಲೋ
ಆಲೂಗಡ್ಡೆ ಅಥವಾ ಗೆಣಸು: 500 ಗ್ರಾಂ
ಎಣ್ಣೆ: 150 ಮಿಲಿ

ದಿನಕ್ಕೆ ಭಾಗಿಸಿದರೆ ಸುಮಾರು 2000ರಿಂದ 2100 ಕಿಲೋ ಕ್ಯಾಲರಿ, 65ರಿಂದ 75 ಗ್ರಾಂ ಪ್ರೋಟೀನ್ ಆಗುತ್ತದೆ. ಅಕ್ಕಿಯೇ ಮುಖ್ಯವಾದರೆ ಕೆಳಗಿನ ಅಂಕಿ, ಗೋಧಿ ಓಟ್ಸ್ ಹೆಚ್ಚಾದರೆ ಮೇಲಿನದು. ಮಾಂಸ, ಮೀನು ಬೇಕೆನ್ನುವವರು 250 ಗ್ರಾಂ ತಂದು ಅಷ್ಟೇ ಕಾಳು ಕಡಿಮೆ ಮಾಡಬಹುದು. ಆದರೆ ಮಾಂಸವನ್ನು ಒಂದೇ ಹೊತ್ತಿಗೆ ಮುಗಿಸದೆ ಕಾಳಿನ ಜೊತೆ ಬೆರೆಸಿ ಎರಡು ಮೂರು ಹೊತ್ತಿಗೆ ಹಂಚಿದರೆ ರುಚಿಯೂ ಬರುತ್ತದೆ, ಖರ್ಚೂ ಹಿಡಿತದಲ್ಲಿರುತ್ತದೆ.

ಬಿಳಿ ಅಕ್ಕಿ ಬಿಟ್ಟು ದುಬಾರಿಯ ತವುಡು ಅಕ್ಕಿಗೆ ಹೋಗಲೇಬೇಕೇ? ಖರ್ಚು ಬಿಗಿಯಿದ್ದಾಗ ಬೇಕಿಲ್ಲ. ಆ ಹೆಚ್ಚುವರಿ ದುಡ್ಡನ್ನು ಕಾಳು ಮತ್ತು ಸೊಪ್ಪಿಗೆ ಹಾಕಿದರೆ ನಾರಿನಂಶ ಅದಕ್ಕಿಂತ ಹೆಚ್ಚು ಸಿಗುತ್ತದೆ. ಗೋಧಿಯಲ್ಲಿ ಮಾತ್ರ ಮೈದಾ ಬದಲು ಇಡೀ ಗೋಧಿ ಹಿಟ್ಟು ಆರಿಸಿ. ಬೆಲೆಯಲ್ಲಿ ದೊಡ್ಡ ಅಂತರ ಇಲ್ಲದಿರುವಾಗ ಸತ್ವ ಕಳೆದುಕೊಳ್ಳುವುದೇಕೆ?

ಅಡುಗೆಯ ಯೋಜನೆ: ಕೆಡುವ ಕ್ರಮ ಹಿಡಿಯಿರಿ

ವಾರದ 21 ಹೊತ್ತಿಗೂ ಬೇರೆ ಬೇರೆ ಅಡುಗೆ ಬರೆದಿಟ್ಟ ಪಟ್ಟಿ ಬುಧವಾರದ ಹೊತ್ತಿಗೆ ಬಿದ್ದುಹೋಗುತ್ತದೆ. ಒಂದು ದಿನ ತಡವಾಗಿ ಬಂದರೆ ಸಾಕು, ಆ ದಿನಕ್ಕೆಂದು ತಂದದ್ದು ಬಾಡಿ ಕೂರುತ್ತದೆ. ಅದರ ಬದಲು ಯಾವುದು ಮೊದಲು ಕೆಡುತ್ತದೋ ಅದು ಮೊದಲು ಎಂಬ ಒಂದೇ ನಿಯಮ ಇಟ್ಟುಕೊಳ್ಳಿ. ತಂದ ದಿನ ಮತ್ತು ಮರುದಿನ ಸೊಪ್ಪು, ಅಣಬೆ, ಮಾಗಿದ ಹಣ್ಣು. ಮೂರರಿಂದ ಐದನೇ ದಿನ ಹುರುಳಿಕಾಯಿ, ಬದನೆ, ಟೊಮೆಟೊ, ಹೂಕೋಸು. ವಾರದ ಕೊನೆಗೆ ಎಲೆಕೋಸು, ಕ್ಯಾರೆಟ್, ಕುಂಬಳ, ಬೀಟ್‌ರೂಟ್, ಫ್ರೀಜರಿನ ಬಟಾಣಿ. ಎಲೆಕೋಸು ಫ್ರಿಜ್ಜಿನಲ್ಲಿ ವಾರಗಟ್ಟಲೆ ಇರುತ್ತದೆ, ಕತ್ತರಿಸದ ಕುಂಬಳ ಗಾಳಿಯಾಡುವ ಮೂಲೆಯಲ್ಲಿ ತಿಂಗಳು ಇರುತ್ತದೆ. ಇವೆರಡು ಮನೆಯಲ್ಲಿದ್ದರೆ ‘ತರಕಾರಿ ಇಲ್ಲ’ ಎಂದು ಹೊರಗಿನಿಂದ ತರಿಸುವ ರಾತ್ರಿಗಳು ಕಡಿಮೆಯಾಗುತ್ತವೆ.

ಇದರ ಜೊತೆ ವಾರಕ್ಕೆ ಒಂದು ಸಲ ಎರಡು ಬಗೆಯ ಕಾಳು ಹೆಚ್ಚಾಗಿ ಬೇಯಿಸಿ ಫ್ರೀಜರಿನಲ್ಲಿಡಿ. ಧಾನ್ಯ ಮಾತ್ರ ಆಯಾ ದಿನ ಮಾಡಿಕೊಂಡರೆ ಸಾಕು. ಕಾಳು ಮತ್ತು ಧಾನ್ಯ ಒಂದೇ ಹೊತ್ತಿಗೆ ಕೂಡಿಸಿ ತಿನ್ನಬೇಕೆಂಬ ಕಡ್ಡಾಯವೂ ಇಲ್ಲ. ಪ್ರೋಟೀನ್ ಕಟ್ಟುವ ಅಂಶಗಳಾದ ಅಮೈನೋ ಆಮ್ಲಗಳಲ್ಲಿ, ಧಾನ್ಯದಲ್ಲಿ ಕೊರತೆಯಿರುವ ಲೈಸಿನ್ ಕಾಳಿನಲ್ಲಿ ಹೇರಳ, ಕಾಳಿನಲ್ಲಿ ಕಡಿಮೆಯಿರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಅದೇ ದಿನದೊಳಗೆ ಎರಡೂ ಹೊಟ್ಟೆಗೆ ಬಿದ್ದರೆ ದೇಹ ಜೋಡಿಸಿಕೊಳ್ಳುತ್ತದೆ.

ಕಾಳು ಬೇಯಿಸುವುದು: ಇಲ್ಲಿ ಕೆಟ್ಟರೆ ಎಲ್ಲವೂ ಕೆಡುತ್ತದೆ

ಕಡಿಮೆ ಖರ್ಚಿನ ಊಟದ ಬೆನ್ನೆಲುಬು ಒಣ ಕಾಳು. ಬಹಳ ಜನ ಅದನ್ನು ಕೈಬಿಡುವುದು ರುಚಿಗಾಗಿ ಅಲ್ಲ, ಬೇಯದೆ ಗಟ್ಟಿ ಉಳಿಯುವುದಕ್ಕೆ ಮತ್ತು ಹೊಟ್ಟೆಯುಬ್ಬರಕ್ಕೆ. ಎರಡಕ್ಕೂ ಉಪಾಯ ಇದೆ. 500 ಗ್ರಾಂ ಕಡಲೆಕಾಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಕಾಳು ಆರಿಸಿ ತೊಳೆದು, ಒಂದೂವರೆ ಲೀಟರ್ ನೀರಿಗೆ ಮೂರು ಟೀ ಚಮಚ ಉಪ್ಪು ಕರಗಿಸಿ ಅದರಲ್ಲಿ 8ರಿಂದ 12 ಗಂಟೆ ನೆನೆಹಾಕಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ನಂಬಿಕೆ ಬಲವಾಗಿದೆ. ನೆನೆಯುವ ನೀರಿನಲ್ಲಿ ಉಪ್ಪು ಮಾಡುವುದು ಅದರ ತದ್ವಿರುದ್ಧ. ಅದರಲ್ಲಿನ ಸೋಡಿಯಂ ಸಿಪ್ಪೆಯ ಕ್ಯಾಲ್ಸಿಯಂ ಜಾಗಕ್ಕೆ ಹೊಕ್ಕು ಸಿಪ್ಪೆಯನ್ನು ಮೆದು ಮಾಡುತ್ತದೆ. ಸೆಖೆಗಾಲದಲ್ಲಿ 8 ಗಂಟೆ ದಾಟಿದರೆ ನೀರಿನ ಮೇಲೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ. ಅಂಥ ದಿನ ಪಾತ್ರೆಯನ್ನು ಫ್ರಿಜ್ಜಿನಲ್ಲಿಡಿ. ನೆನೆದ ನೀರು ಚೆಲ್ಲಿ, ಎರಡು ಸಲ ತೊಳೆದು, ಹೊಸ ನೀರು ಹಾಕಿ. ಹೊಟ್ಟೆಯಲ್ಲಿ ವಾಯು ಮಾಡುವ ಸಕ್ಕರೆಗಳಲ್ಲಿ ಒಂದಿಷ್ಟು ಆ ನೀರಿನ ಜೊತೆಯೇ ಹೋಗುತ್ತವೆ.

ಕುಕ್ಕರಿನಲ್ಲಿ ಕಾಳಿನ ಮೇಲೆ ಎರಡು ಬೆರಳು ನೀರು ನಿಲ್ಲಬೇಕು, ಆದರೆ ಕಾಳು ನೀರು ಸೇರಿ ಅರ್ಧ ಕುಕ್ಕರ್ ದಾಟಬಾರದು. ಕಾಳಿನ ನೊರೆ ಉಕ್ಕಿ ಹಬೆಯ ದಾರಿ ಕಟ್ಟಿಕೊಂಡರೆ ಅಪಾಯ. ಒಂದು ಟೀ ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಒತ್ತಡ ಏರಿದ ಮೇಲೆ ಉರಿ ಸಣ್ಣ ಮಾಡಿ 15ರಿಂದ 20 ನಿಮಿಷ ಬಿಟ್ಟು, ಆರಿಸಿ, ಹಬೆ ತಾನಾಗಿ ಇಳಿಯಲು ಬಿಡಿ. ತೆರೆದ ಪಾತ್ರೆಯಲ್ಲಾದರೆ ಒಂದರಿಂದ ಒಂದೂವರೆ ಗಂಟೆ. ಬೆರಳ ನಡುವೆ ಒತ್ತಿದಾಗ ಒಳಗೆ ಗಂಟಿಲ್ಲದೆ ನುಣ್ಣಗೆ ನುಗ್ಗಾಗಬೇಕು. ಗಂಟು ಸಿಕ್ಕಿದರೆ ಇನ್ನೂ 5 ನಿಮಿಷ.

ಅಷ್ಟಾದರೂ ಬೇಯದಿದ್ದರೆ ಕಾರಣ ಮೂರರಲ್ಲಿ ಒಂದು. ಟೊಮೆಟೊ, ಹುಣಸೆ, ನಿಂಬೆಯಂಥ ಹುಳಿ ಮೊದಲೇ ಬಿದ್ದಿರುತ್ತದೆ. ಸಿಪ್ಪೆಯನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಎಂಬ ಅಂಶ ಹುಳಿಯಲ್ಲಿ ಕರಗುವುದಿಲ್ಲ, ಆದ್ದರಿಂದ ಹುಳಿ ಯಾವಾಗಲೂ ಬೆಂದ ಮೇಲೆ. ಇಲ್ಲವೇ ನೀರು ಗಡಸು. ಆಗ ಕುಡಿಯುವ ಶುದ್ಧ ನೀರಿನಲ್ಲಿ ಬೇಯಿಸಿ, ಅಥವಾ ಚಿಟಿಕೆ ಅಡುಗೆ ಸೋಡಾ ಹಾಕಿ. ಸೋಡಾ ಹೆಚ್ಚಾದರೆ ಬಿ1 ವಿಟಮಿನ್ ನಾಶವಾಗುತ್ತದೆ, ಬಾಯಿಗೆ ಸಾಬೂನಿನ ರುಚಿಯೂ ಬರುತ್ತದೆ, ಹಾಗಾಗಿ ಚಿಟಿಕೆ ಎಂದರೆ ಚಿಟಿಕೆಯೇ. ಮೂರನೆಯದು ಹಳೆಯ ಕಾಳು. ಬಿಸಿಲು, ತೇವದಲ್ಲಿ ವರ್ಷಗಟ್ಟಲೆ ಇದ್ದ ಕಾಳು ಎಷ್ಟು ಹೊತ್ತು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಅದನ್ನು ಹುರಿದು ಹಿಟ್ಟು ಮಾಡಿಸಿಕೊಳ್ಳುವುದು ಒಳ್ಳೆಯದು. ಅಂಗಡಿ ಬದಲಿಸುವುದು ಇನ್ನೂ ಒಳ್ಳೆಯದು.

500 ಗ್ರಾಂ ಒಣ ಕಾಳು ಬೆಂದು 1.1ರಿಂದ 1.2 ಕಿಲೋ ಆಗುತ್ತದೆ. ಅದನ್ನು ಐದು ಡಬ್ಬಿಗೆ ಹಂಚಿದರೆ ಒಂದೊಂದರಲ್ಲೂ 19ರಿಂದ 20 ಗ್ರಾಂ ಪ್ರೋಟೀನ್. ಬೇಯಿಸಿದ ನೀರನ್ನೂ ಸ್ವಲ್ಪ ಹಾಕಿಡಿ, ಇಲ್ಲದಿದ್ದರೆ ಕಾಳು ಒಣಗಿ ಸಿಪ್ಪೆ ಒಡೆಯುತ್ತದೆ. ಫ್ರಿಜ್ಜಿನಲ್ಲಿ 3 ದಿನ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 3 ತಿಂಗಳು ಚೆನ್ನಾಗಿರುತ್ತದೆ. ಫ್ರೀಜರ್ ಇಲ್ಲದವರು ಒಂದು ಸಲಕ್ಕೆ 150 ಗ್ರಾಂ ಮಾತ್ರ ನೆನೆಹಾಕಿ. ನೆನೆಸದೆಯೂ ಬೇಗ ಬೇಯುವ ಮಸೂರ, ಹೆಸರುಬೇಳೆ ಅವರಿಗೆ ಹೆಚ್ಚು ಅನುಕೂಲ, ಇಂಧನವೂ ಉಳಿಯುತ್ತದೆ.

ರಾಜ್ಮಾ ವಿಷಯದಲ್ಲಿ ಒಂದು ಎಚ್ಚರಿಕೆ. ಹಸಿಯಾಗಿದ್ದಾಗ ಅದರಲ್ಲಿ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ಇದ್ದು, ಅರೆಬೆಂದ ಕೆಲವೇ ಕಾಳು ತಿಂದರೂ ಗಂಟೆಗಳೊಳಗೆ ವಾಂತಿ ಭೇದಿ ಆಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಯುತ್ತ 10 ನಿಮಿಷವಾದರೂ ಇರಬೇಕು, 30 ನಿಮಿಷ ಆದರೆ ನಿಶ್ಚಿಂತೆ. ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿ. ಹಸಿ ರಾಜ್ಮಾವನ್ನು ನೇರವಾಗಿ ಸ್ಲೋ ಕುಕ್ಕರಿಗೆ ಹಾಕಲೇಬೇಡಿ, ಅದರ ಬಿಸಿ ಕುದಿಯುವ ಮಟ್ಟ ಮುಟ್ಟದೆ ಇರಬಹುದು.

ತಿಂದದ್ದು ದಕ್ಕಬೇಕಲ್ಲ

ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ಸಿ ವಿಟಮಿನ್ ಇದ್ದರೆ ಹೀರಿಕೆ ಹೆಚ್ಚುತ್ತದೆ. ಒಲೆಯಿಂದ ಇಳಿಸಿದ ಮೇಲೆ ಹಿಂಡಿದ ಅರ್ಧ ನಿಂಬೆ, ಹಸಿ ಎಲೆಕೋಸಿನ ತುರಿ, ಒಂದು ಸೀಬೆಹಣ್ಣು, ಯಾವುದಾದರೂ ಆದೀತು. ಊಟದ ಜೊತೆಯ ಚಹಾ ಕಾಫಿ ಇದಕ್ಕೆ ಎದುರು ಕೆಲಸ ಮಾಡುತ್ತವೆ, ಹಿಂದೆ ಮುಂದೆ ಒಂದು ಗಂಟೆ ಅಂತರವಿಡಿ. ಒಂದು ಪೈಸೆ ಖರ್ಚಿಲ್ಲದೆ ಆಗುವ ಸುಧಾರಣೆ ಇದಕ್ಕಿಂತ ಬೇರೆ ಇಲ್ಲ.

ಕ್ಯಾರೆಟ್, ಕುಂಬಳ, ಸೊಪ್ಪಿನ ಎ ವಿಟಮಿನ್ ಅಂಶ ದಕ್ಕಲು ಸ್ವಲ್ಪ ಕೊಬ್ಬು ಬೇಕು. ಎಣ್ಣೆಯೇ ಇಲ್ಲದೆ ಬೇಯಿಸುವುದು ಆರೋಗ್ಯವೆಂದು ಭಾವಿಸಬೇಡಿ, ಒಬ್ಬರಿಗೆ ಒಂದು ಟೀ ಚಮಚ ಸಾಕು. ತರಕಾರಿಯನ್ನು ತೊಳೆದು ಆಮೇಲೆ ಹೆಚ್ಚಿ, ಕಡಿಮೆ ನೀರಿನಲ್ಲಿ ಮುಚ್ಚಿ ಬೇಯಿಸಿ. ಬಸಿದ ನೀರು ಚೆಲ್ಲಿದರೆ ನೀರಿನಲ್ಲಿ ಕರಗುವ ವಿಟಮಿನ್‌ಗಳು ಅದರ ಜೊತೆ ಹೋಗುತ್ತವೆ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದೇ ಸೊಪ್ಪಿನಲ್ಲಿರುವ ಆಕ್ಸಲೇಟ್ ಎಂಬ ಅಂಶ ಅದನ್ನು ಕಟ್ಟಿಹಾಕುವುದರಿಂದ ಹಾಲಿನ ಬದಲಿಗೆ ಪಾಲಕ್ ಎಂಬ ಲೆಕ್ಕ ನಡೆಯುವುದಿಲ್ಲ. ಹಾಲು ಬೇಡವಾದವರು ಎಳ್ಳು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು, ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲಿನತ್ತ ನೋಡಬೇಕು.

ಇಟ್ಟುಕೊಳ್ಳುವ ಬಗೆ

ಸೊಪ್ಪು ಕೊಳೆಯುವುದು ತೇವಕ್ಕೆ, ಬಾಡುವುದು ಒಣ ಗಾಳಿಗೆ. ಬೇರು, ಕೊಳೆತ ಎಲೆ ತೆಗೆದು, ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಎರಡೂ ತಪ್ಪುತ್ತದೆ. ಮಾಗುತ್ತಿರುವ ಬಾಳೆ, ಸೇಬು, ಟೊಮೆಟೊ ಎಥಿಲೀನ್ ಅನಿಲ ಬಿಡುವುದರಿಂದ ಅವುಗಳ ಪಕ್ಕದ ಸೊಪ್ಪು ಬೇಗ ಹಳದಿಯಾಗುತ್ತದೆ, ದೂರವಿಡಿ. ಆಲೂಗಡ್ಡೆ ಈರುಳ್ಳಿ ಎರಡಕ್ಕೂ ಕತ್ತಲು, ಗಾಳಿ ಬೇಕು, ಆದರೆ ಒಂದೇ ಬುಟ್ಟಿಯಲ್ಲಿ ಬೇಡ. ಹಸಿರು ತಿರುಗಿದ ಆಲೂಗಡ್ಡೆಯ ಭಾಗ ಕಹಿ ಮತ್ತು ವಿಷಕಾರಿ. ಸ್ವಲ್ಪವೇ ಇದ್ದರೆ ದಪ್ಪಗೆ ಕೊರೆದು ತೆಗೆಯಿರಿ, ಹೆಚ್ಚಿದ್ದರೆ ಎಸೆಯಿರಿ.

ಹಿಟ್ಟು, ಕಾಳಿಗೆ ಹುಳ ಬರುವುದು ಹೆಚ್ಚಾಗಿ ಅಂಗಡಿಯಿಂದಲೇ, ಮೊಟ್ಟೆಯ ರೂಪದಲ್ಲಿ. ತಂದ ಪೊಟ್ಟಣವನ್ನು 4 ದಿನ ಫ್ರೀಜರಿನಲ್ಲಿಟ್ಟು, ಹೊರಗೆ ತೆಗೆದು ತೇವ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿದರೆ ಕಾಟ ಕಡಿಮೆ.

ಉಳಿದ ಅನ್ನವನ್ನು ರಾತ್ರಿಯಿಡೀ ಒಲೆಯ ಮೇಲೆ ಬಿಡುವುದು ಬೇಡ. ಬೇಯಿಸಿದರೂ ಸಾಯದ ಒಂದು ಬ್ಯಾಕ್ಟೀರಿಯಾದ ಬೀಜಕಗಳು ಅದರಲ್ಲಿ ಮೊಳೆತು ವಿಷ ಉಂಟುಮಾಡುತ್ತವೆ. ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸತ್ತರೂ ಆ ವಿಷ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರಡಿ, ಒಂದು ಗಂಟೆಯೊಳಗೆ ತಣ್ಣಗಾಗಿಸಿ ಫ್ರಿಜ್ಜಿಗಿಟ್ಟು, ಮರುದಿನವೇ ಹಬೆಯಾಡುವಷ್ಟು ಬಿಸಿ ಮಾಡಿ ಮುಗಿಸಿ.

ಎಣ್ಣೆ ಬಾಟಲಿಯ ಮೇಲೊಂದು ತಾರೀಖು

ದಿನವೂ ಚಮಚ ಅಳೆಯುವುದು ಯಾರಿಂದಲೂ ಆಗದ ಕೆಲಸ. ಅದರ ಬದಲು ಎಣ್ಣೆ, ಸಕ್ಕರೆ, ಉಪ್ಪಿನ ಪೊಟ್ಟಣ ಒಡೆದ ದಿನವೇ ಅದರ ಮೇಲೆ ತಾರೀಖು ಬರೆಯಿರಿ. ಒಬ್ಬರಿಗೆ ದಿನಕ್ಕೆ 20 ಮಿಲಿ ಎಂದಾದರೆ ನಾಲ್ಕು ಜನರ ಮನೆಯಲ್ಲಿ ಒಂದು ಲೀಟರ್ ಎಣ್ಣೆ 12 ದಿನ ಬರಬೇಕು. ದಿನಕ್ಕೆ 25 ಗ್ರಾಂ ಲೆಕ್ಕದಲ್ಲಿ ಒಂದು ಕಿಲೋ ಸಕ್ಕರೆ 10 ದಿನ, 5 ಗ್ರಾಂ ಲೆಕ್ಕದಲ್ಲಿ ಒಂದು ಕಿಲೋ ಉಪ್ಪು 50 ದಿನ. ಎಣ್ಣೆ 8 ದಿನಕ್ಕೇ ಮುಗಿದರೆ ಕರಿದ ತಿಂಡಿ ಹೆಚ್ಚಾಗಿದೆ ಎಂದು ಬಾಟಲಿಯೇ ಹೇಳುತ್ತದೆ. ಉಪ್ಪಿನ ಲೆಕ್ಕದಲ್ಲಿ ಒಂದು ಮೋಸ ಇದೆ: ಉಪ್ಪಿನಕಾಯಿ, ಚಿಪ್ಸ್, ಸಿದ್ಧ ನೂಡಲ್ಸ್‌ನ ಉಪ್ಪು ಇದರಲ್ಲಿ ಕಾಣುವುದಿಲ್ಲ. ಅವನ್ನೆಲ್ಲ ತಿನ್ನುವ ಮನೆಯಲ್ಲಿ ಕಿಲೋ ಉಪ್ಪು 50 ದಿನಕ್ಕಿಂತ ಎಷ್ಟೋ ಹೆಚ್ಚು ದಿನ ಬರಬೇಕು.

ಸಾಮಾನ್ಯವಾಗಿ ಜಾರುವ ಜಾಗಗಳು

ಮೊದಲ ವಾರವೇ ಎಲ್ಲ ಬದಲಿಸಲು ಹೊರಡುವುದು. ವಾರಕ್ಕೆ ಎರಡೇ ಹೊತ್ತು ಕಾಳು ತಿನ್ನುತ್ತಿದ್ದವರು ದಿನವೂ ಮೂರು ಹೊತ್ತು ತಿಂದರೆ ಹೊಟ್ಟೆ ಪ್ರತಿಭಟಿಸುತ್ತದೆ, ಮನೆಯವರೂ ಪ್ರತಿಭಟಿಸುತ್ತಾರೆ. ಎರಡು ಮೂರು ವಾರಗಳಲ್ಲಿ ನಿಧಾನಕ್ಕೆ ಏರಿಸಿ, ನೀರು ಹೆಚ್ಚು ಕುಡಿಯಿರಿ.

ಹಸಿದ ಹೊಟ್ಟೆಯಲ್ಲಿ, ಪಟ್ಟಿಯಿಲ್ಲದೆ ಅಂಗಡಿಗೆ ಹೋಗುವುದು ಇನ್ನೊಂದು. ಪಟ್ಟಿಯಲ್ಲಿ ತರಕಾರಿಯ ಹೆಸರು ಬರೆಯದೆ ‘ಸೊಪ್ಪು ಒಂದು ಬಗೆ, ಗಟ್ಟಿ ತರಕಾರಿ ಎರಡು ಬಗೆ’ ಎಂದಷ್ಟೇ ಬರೆದುಕೊಂಡರೆ, ಆ ದಿನ ಅಗ್ಗವಿದ್ದದ್ದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಉಳಿಯುತ್ತದೆ. ಹೂಕೋಸು ಎಂದು ಬರೆದುಕೊಂಡು ಹೋದವರು ಎಷ್ಟಾದರೂ ಹೂಕೋಸನ್ನೇ ತರುತ್ತಾರೆ.

ಹಣ್ಣನ್ನು ರಸ ಮಾಡುವುದು ಮೂರನೆಯದು. ಒಂದು ಲೋಟ ಕಿತ್ತಳೆ ರಸಕ್ಕೆ ಮೂರು ಹಣ್ಣು ಬೇಕು, ನಾರು ಕಸಕ್ಕೆ ಹೋಗುತ್ತದೆ. ಅದೇ ಮೂರು ಹಣ್ಣು ಮೂರು ಜನ ತಿನ್ನಬಹುದು.

ತೀರಾ ಕಷ್ಟದ ವಾರ

ಪಟ್ಟಿಯಲ್ಲಿ ಇದ್ದದ್ದೆಲ್ಲ ಕೊಳ್ಳಲಾಗದ ವಾರವೂ ಬರುತ್ತದೆ. ಆಗ ಬಿಡುವ ಕ್ರಮ ಹೀಗಿರಲಿ: ಮೊದಲು ಪೊಟ್ಟಣದ ತಿಂಡಿ, ಸಿಹಿ ಪಾನೀಯ. ಆಮೇಲೆ ಮಾಂಸ, ಪನೀರ್, ಬಾದಾಮಿಯಂಥ ದುಬಾರಿ ಬೀಜಗಳು. ಆಮೇಲೆ ಹಣ್ಣಿನ ವೈವಿಧ್ಯ, ಅಗ್ಗದ ಒಂದೇ ಹಣ್ಣು ಉಳಿಸಿ. ಅದಾದ ಮೇಲೆ ದೊಡ್ಡವರ ಹಾಲು, ಅದರ ಬದಲು ಮೊಟ್ಟೆ ಅಥವಾ ಕಾಳು. ಆ ವಾರದ ಮಟ್ಟಿಗೆ ಧಾನ್ಯ, ಎರಡು ಬಗೆ ಬೇಳೆ, ಎಲೆಕೋಸು, ಕ್ಯಾರೆಟ್, ಒಂದು ಸೊಪ್ಪು, ಈರುಳ್ಳಿ, ನಿಂಬೆ, ಕಡಲೆಬೀಜ, ಎಣ್ಣೆ ಇದ್ದರೆ ನಡೆಯುತ್ತದೆ. ಸೊಪ್ಪನ್ನು ಕಡೆಯವರೆಗೂ ಬಿಡಬೇಡಿ. ಮಕ್ಕಳ ಹಾಲು ಮೊಟ್ಟೆಗೆ ಕೈ ಹಾಕಬೇಡಿ. ಉಪ್ಪು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅಯೋಡಿನ್ ಸೇರಿಸದ್ದನ್ನು ತರಬೇಡಿ. ಆ ಉಳಿತಾಯ ಲೆಕ್ಕಕ್ಕೇ ಬಾರದಷ್ಟು ಚಿಕ್ಕದು, ಅಯೋಡಿನ್ ಕೊರತೆಯ ಪರಿಣಾಮ ಮಾತ್ರ ಥೈರಾಯ್ಡ್ ಗ್ರಂಥಿಯ ಮೇಲೆ, ಗರ್ಭದಲ್ಲಿರುವ ಮಗುವಿನ ಮಿದುಳಿನ ಮೇಲೆ ಆಗುತ್ತದೆ.